ಹಲಗೆ ಬಡಿದವರ ಕೋರ್ಟು

ಕಳೆದ ವರ್ಷ ನಮ್ಮ ಕಡೆಯ ಒಂದು ಊರಿನ ಹಳೇ ಕೋರ್ಟ್ ಕಟ್ಟಡವನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ತರಬೇಕೆಂದು ಒಂದು ಪ್ರಸ್ತಾವನೆ ತಯಾರಾಯಿತು. ಊರಿನ ಹೆಸರು ಇಲ್ಲಿ ಬೇಡ. ಇದು ಒಂದೂರಿನ ಕತೆಯಲ್ಲ. ಪ್ರಸ್ತಾವನೆಯ ಮೊದಲಿಗೆ 'ಚಾರಿತ್ರಿಕ ಹಿನ್ನೆಲೆ' ಅಂತ ಎರಡು ಪುಟ ಇರಬೇಕಿತ್ತು. ಇತಿಹಾಸ ಪಾಠ ಮಾಡುವವನು ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಬರೆದುಕೊಟ್ಟೆ. ಕೊನೆಗೆ ಬಂದ ಪ್ರತಿಯಲ್ಲಿ ಒಂದೂಕಾಲು ಪುಟ ಉಳಿದಿತ್ತು. ಕಟ್ಟಿಸಿದ ಕಾಲ, ಶೈಲಿ, ಕಮಾನುಗಳ ಲೆಕ್ಕ, ಅಲ್ಲಿ ಕೂತುಹೋದ ದೊಡ್ಡ ಮನುಷ್ಯರ ವಿಷಯ ಎಲ್ಲ ಇತ್ತು. ಹೋದದ್ದು ಮುಕ್ಕಾಲು ಪುಟ. ಅದರಲ್ಲಿ ಇದ್ದದ್ದು ಒಂದು ಬೇವಿನ ಮರ, ಒಂದು ಹಲಗೆ, ಒಂದು ವರಾಂಡ. 'ಇವೆಲ್ಲ ಹಿಸ್ಟರಿ ಆಗಂಗಿಲ್ಲ ಸರ' ಅಂದರು ಅದನ್ನು ಟೈಪು ಮಾಡಿಸಿದವರು. ಸಿಟ್ಟಿನಿಂದ ಹೇಳಲಿಲ್ಲ, ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು. ಆ ಮುಕ್ಕಾಲು ಪುಟವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದಲಿತ ವಿಮರ್ಶೆ ಅಂದಾಕ್ಷಣ ನಾವು ಕತೆ, ಕಾವ್ಯ, ಆತ್ಮಕತೆಗಳ ಕಡೆಗೆ ಹೋಗುತ್ತೇವೆ. ಪಠ್ಯದಲ್ಲಿ ಯಾರಿಗೆ ಮಾತಿದೆ, ಯಾರಿಗೆ ಇಲ್ಲ ಎಂದು ಕೇಳುವ ನಾವು, ಕಟ್ಟಡದಲ್ಲಿ ಯಾರಿಗೆ ಕುರ್ಚಿ ಇದೆ, ಯಾರಿಗೆ ಬರೀ ನೆರಳಿದೆ ಎಂದು ಕೇಳಿದ್ದು ಕಡಿಮೆ. ಪ್ರಭುತ್ವ ತನ್ನ ಮನಸ್ಸನ್ನು ಶಾಸನದಲ್ಲಿ ಮಾತ್ರ ಬರೆಯುವುದಿಲ್ಲ, ಮೆಟ್ಟಿಲುಗಳಲ್ಲೂ ಬರೆಯುತ್ತದೆ. ಮಸ್ಕಿಯ ಸೀಮೆಯವನಾದ ನನಗೆ ಇದು ಕಲ್ಲಿನಷ್ಟು ಕಣ್ಣಿಗೆ ಕಾಣುವ ಮಾತು.

ಒಂದು ಶನಿವಾರ ಎಂಜಿನಿಯರರ ಜೊತೆ ಆ ಕಟ್ಟಡ ಸುತ್ತಿದೆ. ನಿಜಾಮನ ಕಾಲದ ಕಲ್ಲುಗೋಡೆ, ಗಾರೆ ಗಿಲಾವು, ತೇಗದ ತೊಲೆಯ ಮೇಲೆ ಗಚ್ಚಿನ ಮಾಳಿಗೆ. ಅವರು ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದರು. ಗಟ್ಟಿ ಇದ್ದ ಕಡೆ ಒಂದು ದನಿ, ಗಿಲಾವು ಗೋಡೆ ಬಿಟ್ಟು ಪೊಳ್ಳಾದ ಕಡೆ ಇನ್ನೊಂದು ದನಿ. ಬಿರುಕುಗಳ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಕೂರಿಸಿ ತಾರೀಖು ಬರೆದರು. ಬಿರುಕು ಇನ್ನೂ ಬೆಳೆಯುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಒಡೆಯುವುದಿಲ್ಲ. ಮಾಳಿಗೆ ಸೋರಿದಾಗಲೆಲ್ಲ ಮೇಲೆ ಒಂದೊಂದು ಪದರ ಕಾಂಕ್ರೀಟು ಸುರಿದಿದ್ದರು. ಆ ಭಾರಕ್ಕೆ ತೊಲೆಗಳು ಬಾಗಿದ್ದವು. ಗೋಡೆಯ ಬುಡಕ್ಕೆ ಎದೆಯೆತ್ತರ ಸಿಮೆಂಟು ಮೆತ್ತಿದ್ದರು. ಸುಣ್ಣದ ಗೋಡೆ ತೇವ ಹೀರಿ ತೇವ ಬಿಡುತ್ತದೆ, ಸಿಮೆಂಟು ಅದರ ಬಾಯಿ ಮುಚ್ಚುತ್ತದೆ, ನೆಲದ ನೀರು ಹೊರಗೆ ಹೋಗಲಾರದೆ ಇನ್ನೂ ಮೇಲಕ್ಕೆ ಏರಿ ಉಪ್ಪಾಗಿ ಅರಳುತ್ತದೆ ಅಂತ ವಿವರಿಸಿದರು. 'ಕಟ್ಟಡ ಗಟ್ಟಿ ಐತಿ ಸರ. ಕೆಟ್ಟಿದ್ದು ವಯಸ್ಸಿನಿಂದ ಅಲ್ಲ, ಮಾಡಿದ ರಿಪೇರಿಯಿಂದ' ಅಂದರು. ಈ ಮಾತು ನನಗೆ ಹಿಡಿಸಿತು. ಆದರೆ ಅವರ ಅಳತೆ ಟೇಪು ಗೋಡೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಆಚೆ ಇದ್ದ ಬೇವಿನ ಮರ, ಅದರ ಸುತ್ತಲಿನ ಕಲ್ಲುಕಟ್ಟೆ ಅವರ ನಕ್ಷೆಯಲ್ಲಿ ಒಂದು ಚಿಕ್ಕ ಸೊನ್ನೆ.

ನನಗೆ ಆ ಕಟ್ಟೆ ಗೊತ್ತಿತ್ತು. ನಮ್ಮ ಮುತ್ಯಾ ಅಲ್ಲಿ ಕೂರುತ್ತಿದ್ದ.

ಮುತ್ಯಾ ಹಲಗೆ ಬಡಿಯುತ್ತಿದ್ದ. ಊರಲ್ಲಿ ಸತ್ತರೆ, ಜಾತ್ರೆಯಾದರೆ, ಡಂಗುರವಾದರೆ ಹೇಗೋ ಹಾಗೆ ಕೋರ್ಟಿಗೂ ಬಡಿಯುತ್ತಿದ್ದ. ಸಾಲ ತೀರಿಸದವನ ಹೊಲ ಜಫ್ತಿಯಾದರೆ ಅಮೀನ ಕಾಗದ ಹಿಡಿದು ಬರುತ್ತಿದ್ದ. ಮುತ್ಯಾ ಆ ಹೊಲದ ಬದುವಿನ ಮೇಲೆ ನಿಂತು ಹಲಗೆ ಬಡಿದರೆ ಮಾತ್ರ ಜಫ್ತಿ ಪೂರ್ತಿಯಾಗುತ್ತಿತ್ತು. ಇದು ಊರ ರೂಢಿ ಅಂತ ನಾನು ಬಹಳ ದಿನ ತಿಳಿದಿದ್ದೆ. ಎಂ.ಎ. ಮುಗಿಸಿದ ಮೇಲೆ ಒಬ್ಬ ವಕೀಲ ಗೆಳೆಯ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ತೆಗೆದು ತೋರಿಸಿದ. 21ನೆಯ ಆದೇಶದ 54ನೆಯ ನಿಯಮ. ಸ್ಥಿರಾಸ್ತಿಯ ಜಫ್ತಿಯನ್ನು ಆ ಆಸ್ತಿಯ ಮೇಲೋ ಪಕ್ಕದಲ್ಲೋ ಡೋಲು ಬಡಿದು ಇಲ್ಲವೇ ರೂಢಿಯ ಬೇರೆ ರೀತಿಯಲ್ಲಿ ಸಾರಬೇಕು. ಆದೇಶದ ಪ್ರತಿಯನ್ನು ಆಸ್ತಿಯ ಮೇಲೆ ಅಂಟಿಸಿ, ಆಮೇಲೆ ನ್ಯಾಯಾಲಯದ ಕಟ್ಟಡದಲ್ಲೂ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ಹರಾಜಿನ ಘೋಷಣೆಗೂ ಸಾಧ್ಯವಾದಷ್ಟೂ ಇದೇ ರೀತಿ.

ಈ ನಿಯಮವನ್ನು ಎರಡು ಸಲ ಓದಿದೆ. ಕಾನೂನು ಇಲ್ಲಿ ಎರಡು ವಸ್ತುಗಳನ್ನು ಒಟ್ಟಿಗೆ ಹೆಸರಿಸಿದೆ: ಒಂದು ಡೋಲು, ಒಂದು ಕೋರ್ಟಿನ ಗೋಡೆ. ಗೋಡೆ ಚಾರಿತ್ರಿಕ ಪರಂಪರೆಯಾಯಿತು, ಅದಕ್ಕೆ ಈಗ ದುರಸ್ತಿಯ ಅಂದಾಜು ಪಟ್ಟಿ ಇದೆ. ಡೋಲು? ನಮ್ಮ ಸೀಮೆಯಲ್ಲಿ ಅದು ಮಾದಿಗರ ಹಲಗೆ. ನ್ಯಾಯದ ಕಾಗದ ಒಳಗೆ ತಯಾರಾಗುತ್ತಿತ್ತು, ನ್ಯಾಯದ ದನಿ ಮಾತ್ರ ಒಂದು ಚರ್ಮದಿಂದ ಹೊರಡಬೇಕಾಗಿತ್ತು. ಆ ದನಿಯ ಒಡೆಯನಿಗೆ ಆ ಗೋಡೆಯ ಒಳಗೆ ಜಾಗವಿರಲಿಲ್ಲ. ಮುತ್ಯಾನಿಗೆ ಭತ್ತೆಯನ್ನು ಅಮೀನ ಬೇವಿನ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದನಂತೆ, ಕೈಗೆ ಕೊಡುತ್ತಿರಲಿಲ್ಲ. 'ಒಳಗ ಹ್ಯಾಂಗ ಐತಿ ಮುತ್ಯಾ' ಅಂತ ಹುಡುಗನಾಗಿದ್ದಾಗ ಕೇಳಿದ್ದೆ. 'ಯಾರಿಗೆ ಗೊತ್ತಪ್ಪ, ನಾ ಹೊರಗಿನ ಕೆಲಸದಾಂವ' ಅಂದಿದ್ದ.

ಹೊರಗಿನ ಕೆಲಸದವನು ಒಳಗೆ ಬಂದರೆ ಏನಾಗುತ್ತಿತ್ತು ಎಂಬುದಕ್ಕೆ ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಒಂದು ಪ್ರಸಂಗ ದಾಖಲಿಸಿದ್ದಾರೆ. ಗುಜರಾತಿನ ಖೇಡಾ ಜಿಲ್ಲೆಯ ಬೊರ್ಸದ್ ತಾಲ್ಲೂಕಿನ ಮಾಮಲೇದಾರ ಕಚೇರಿಗೆ 1936ರಲ್ಲಿ ತಲಾಟಿಯಾಗಿ ನೇಮಕವಾಗಿ ಬಂದ ಭಂಗಿ ಸಮುದಾಯದ ಯುವಕನ ಮಾತು ಅದು. 1938ರಲ್ಲಿ ಮುಂಬಯಿಯ ದಾದರಿನಲ್ಲಿ ನಡೆದ ಸಭೆಯಲ್ಲಿ ಆತ ಹೇಳಿದ್ದು. ಗುಮಾಸ್ತ ಅವನನ್ನು ದೂರ ನಿಲ್ಲಿಸಿ, ನೇಮಕಾತಿ ಆದೇಶವನ್ನು ನೆಲದ ಮೇಲೆ ಹಾಕಿಸಿ, ಆಮೇಲೆ ಎತ್ತಿಕೊಂಡ. ಕಚೇರಿಯ ವರಾಂಡದಲ್ಲಿ ಕುಡಿಯುವ ನೀರಿತ್ತು, ನೀರು ಕೊಡುವವನೂ ಇದ್ದ; ಇವನಿಗೆ ಮಾತ್ರ ತುಕ್ಕು ಹಿಡಿದ ಬೇರೆ ಪಾತ್ರೆ. ಅದು ಕೋರ್ಟಲ್ಲ, ಕಂದಾಯ ಕಚೇರಿ ಅಂತ ಯಾರಾದರೂ ಹೇಳಬಹುದು. ನಮ್ಮ ಕಡೆ ಬಹುಕಾಲ ಎರಡೂ ಒಂದೇ ಸೂರಿನಡಿ ಇದ್ದವು. ಹೈದರಾಬಾದ್ ಸಂಸ್ಥಾನದಲ್ಲಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿದ್ದು 1921ರಲ್ಲಿ. ಜನರ ನಾಲಿಗೆಯಲ್ಲಿ ಇಂದಿಗೂ ಎರಡೂ 'ಕಚೇರಿ'ಯೇ.

ಈ ನಾಲಿಗೆಯ ವಿಷಯ ಸ್ವಲ್ಪ ಹೇಳಬೇಕು. ವಕೀಲ, ವಕಾಲತ್ತು, ಅರ್ಜಿ, ಜಾಮೀನು, ತಾರೀಖು, ಅಮೀನ, ಮುನ್ಸಿಫ್, ಜಫ್ತಿ, ಮುಚ್ಚಳಿಕೆ ಇವೆಲ್ಲ ನಮಗೆ ಪರಕೀಯ ಪದಗಳಾಗಿ ಕೇಳುವುದೇ ಇಲ್ಲ. ನಮ್ಮ ಕೇರಿಯ ಅಕ್ಷರ ಬಾರದ ಮುದುಕಿಯೂ 'ತಾರೀಖು ಮುಂದ ಹಾಕ್ಯಾರ' ಅನ್ನುತ್ತಾಳೆ. ಸಾಲಾರ್‌ಜಂಗನ ಸುಧಾರಣೆಗಳಿಂದ ಹಿಡಿದು 1948ರ ತನಕ ನಮ್ಮ ನ್ಯಾಯ ಮೊದಲು ಪಾರಸಿಯಲ್ಲಿ, ಆಮೇಲೆ ಉರ್ದುವಿನಲ್ಲಿ ನಡೆಯಿತು. 1956ರ ನಂತರ ಮೇಲಿನ ಕೋರ್ಟುಗಳಲ್ಲಿ ಇಂಗ್ಲಿಷು. ಕನ್ನಡ ಮಾತಾಡುವ ದಲಿತ ಕಕ್ಷಿದಾರನಿಗೆ ಭಾಷೆ ಬದಲಾಯಿತೇ ಹೊರತು ಅರ್ಥವಾಗದಿರುವಿಕೆ ಬದಲಾಗಲಿಲ್ಲ.

ದೂರವೂ ಹಾಗೆಯೇ. ಈಗಿನ ಮಸ್ಕಿ ತಾಲ್ಲೂಕಿನ ಹಳ್ಳಿಗಳು ಮೊದಲು ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದವು. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆ, ಅದಕ್ಕೂ ಮೊದಲು ದಂಡಿನ ಠಾಣೆ. 1853ರಲ್ಲಿ ರಾಯಚೂರು ದೋಆಬನ್ನು ನಿಜಾಮ ಇಂಗ್ಲಿಷರಿಗೆ ಒಪ್ಪಿಸಿ 1860ರಲ್ಲಿ ಮರಳಿ ಪಡೆದ. ಹೀಗೆ ಕೈ ಬದಲಾದ ಸೀಮೆಯ ಕಟ್ಟಕಡೆಯ ನ್ಯಾಯ 1956ರ ತನಕ ಹೈದರಾಬಾದಿನಲ್ಲಿತ್ತು. ಮೂಸಿ ನದಿಯ ದಂಡೆಯ ಆ ಹೈಕೋರ್ಟಿಗೆ 1915ರಲ್ಲಿ ಅಡಿಗಲ್ಲು ಬಿತ್ತು, 1920ರಲ್ಲಿ ಏಳನೆಯ ನಿಜಾಮ ಅದನ್ನು ಉದ್ಘಾಟಿಸಿದ. ಕೆಂಪುಕಲ್ಲು, ಗ್ರಾನೈಟು, ಗುಮ್ಮಟಗಳು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಆಗ ಮೂರು ವಾರವೂ ಆಗಿರಲಿಲ್ಲ. ಅಲ್ಲಿಂದ ನಮ್ಮ ಅಪೀಲುಗಳು ಬೆಂಗಳೂರಿಗೆ ತಿರುಗಿದವು. ಕಲಬುರಗಿಯಲ್ಲಿ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಅದು ಕಾಯಂ ಆದದ್ದು 2013ರಲ್ಲಿ. ಲೆಕ್ಕ ಹಾಕಿದರೆ ಐವತ್ತೆರಡು ವರ್ಷ ಮಸ್ಕಿಯ ಬಡವನಿಗೆ ಹೈಕೋರ್ಟು ಅಂದರೆ ರಾತ್ರಿಯಿಡೀ ಬಸ್ಸು.

ಬೆಂಗಳೂರಿನ ಆ ಕೋರ್ಟು ಅಠಾರಾ ಕಚೇರಿ. ಹೆಸರೇ ಹೇಳುವಂತೆ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ್ದು. ಅದಕ್ಕೆ ಮೊದಲು ಕಮಿಷನರರ ಕಚೇರಿಗಳು ಟೀಪುವಿನ ಅರಮನೆಯಲ್ಲಿ ನಡೆಯುತ್ತಿದ್ದವು. ಬೌರಿಂಗ್ ಕಮಿಷನರ್ ಆಗಿದ್ದಾಗ, ರಿಚರ್ಡ್ ಸ್ಯಾಂಕಿ ಹಾಕಿದ ನಕ್ಷೆಯಂತೆ, 1864ರಿಂದ 1868ರ ನಡುವೆ ಕೆಂಪು ಬಣ್ಣದ, ಗ್ರೀಕೋ–ರೋಮನ್ ಕಂಬಗಳ ಈ ಕಟ್ಟಡ ಎದ್ದಿತು. ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಕಚೇರಿಗಳು ಎದುರಿನ ವಿಧಾನಸೌಧಕ್ಕೆ ಹೋದ ಮೇಲೆ ಹೈಕೋರ್ಟು ಇಲ್ಲಿ ಉಳಿಯಿತು. 1980ರ ದಶಕದ ಆರಂಭದಲ್ಲಿ ಇದನ್ನು ಕೆಡವುವ ಪ್ರಸ್ತಾಪ ಬಂತು. ಅದರ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಯಾವ ಕಟ್ಟಡವನ್ನು ಕೆಡವಬೇಕೋ ಬೇಡವೋ ಎಂಬ ವಾದವೋ ಅದೇ ಕಟ್ಟಡದೊಳಗೆ ಆ ವಾದ ನಡೆಯಿತು. ಕಟ್ಟಡ ಉಳಿಯಿತು, ಹಿಂದುಗಡೆ ಅದೇ ಬಣ್ಣದಲ್ಲಿ ಹೊಸ ಭಾಗಗಳು ಸೇರಿದವು. ಕಟ್ಟಡವೇ ಕಕ್ಷಿದಾರನಾಗಿ ಗೆದ್ದ ಪ್ರಕರಣ ಇದು. ಇದನ್ನು ಓದುವಾಗ ನನಗೆ ಸಣ್ಣ ಅಸೂಯೆ ಆಗುತ್ತದೆ. ಅದು ಉಳಿಯಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಂಬಗಳಿಗೆ ಸಿಕ್ಕ ಕಾಳಜಿಯ ವೇಗವನ್ನು ನೋಡಿದಾಗ ಬೇರೆ ತಾರೀಖುಗಳು ನೆನಪಿಗೆ ಬರುತ್ತವೆ.

2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿದ್ದರು. ಸಾಕ್ಷಿ ಯಾಕೆ ತಿರುಗುತ್ತಾನೆ ಎಂಬುದಕ್ಕೆ ಬೆದರಿಕೆ, ದುಡ್ಡು, ಊರಲ್ಲಿ ಬದುಕಬೇಕಾದ ಅನಿವಾರ್ಯತೆ ಎಂದೆಲ್ಲ ನಾವು ಬರೆದಿದ್ದೇವೆ. ಆದರೆ ಅವನು ಎಲ್ಲಿ ತಿರುಗುತ್ತಾನೆ? ನಾನು ನೋಡಿದ ಮಟ್ಟಿಗೆ ಎಷ್ಟೋ ಸಲ ವರಾಂಡದಲ್ಲಿ ತಿರುಗುತ್ತಾನೆ.

ನಮ್ಮ ಸೋದರಮಾವ ಒಂದು ಜಾತಿ ನಿಂದನೆ, ಹಲ್ಲೆ ಪ್ರಕರಣದಲ್ಲಿ ಸಾಕ್ಷಿಯಾಗಿದ್ದ. ಹೋಟೆಲಿನ ಗ್ಲಾಸಿನಿಂದ ಶುರುವಾದ ಜಗಳ. ಪ್ರತಿ ತಾರೀಖಿಗೂ ದಿನಗೂಲಿ ಬಿಟ್ಟು ಹೋಗುತ್ತಿದ್ದ. ನಾನು ಎರಡು ಸಲ ಜೊತೆಗೆ ಹೋಗಿದ್ದೆ. ಆ ಕೋರ್ಟಿನ ವರಾಂಡ ಎಂಟಡಿ ಅಗಲ. ಅದರಲ್ಲಿ ಒಂದೇ ಒಂದು ಬೆಂಚು, ಅದರ ಮೇಲೆ ಆರೋಪಿಗಳು. ಅವರಿಗೆ ಕುರ್ಚಿ ತಂದುಕೊಡುವವರೂ ಇದ್ದರು. ಮಾವ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದ. ಯಾರೂ ಬಿಡು ಅಂದಿರಲಿಲ್ಲ. ಹೆಸರು ಕೂಗಿದರೆ ಒಳಗೆ ಹೋಗಬೇಕಾದರೆ ಆ ಬೆಂಚಿನ ಮೊಣಕಾಲುಗಳನ್ನು ದಾಟಿಯೇ ಹೋಗಬೇಕು. 'ಏನಪಾ, ಮನ್ಯಾಗ ಎಲ್ಲ ಆರಾಮೇನು' ಅಂತ ಆರೋಪಿ ಕೇಳಿದ. ಅಷ್ಟೇ. ಬೆದರಿಕೆ ಅಂತ ಯಾವ ಠಾಣೆಯಲ್ಲೂ ಬರೆಸಲಾಗದ ಮಾತು. ನಡುವೆ ಕ್ಯಾಂಟೀನಿನಿಂದ ಚಹಾ ಬಂತು, ಮಾವನಿಗೂ ಒಂದು ಕಪ್ಪು. ಯಾವ ಗ್ಲಾಸಿಗಾಗಿ ಜಗಳವಾಗಿತ್ತೋ ಅದೇ ತರದ ಗ್ಲಾಸು. ಮಾವ ಕುಡಿದ. ಆರನೆಯ ತಾರೀಖಿಗೆ ಕಟಕಟೆಯಲ್ಲಿ ನಿಂತು 'ನಾ ಆವತ್ತು ಊರಾಗ ಇರಲಿಲ್ರಿ' ಅಂದ. ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ.

ಅವನನ್ನು ನಾನು ದೂಷಿಸಲಾರೆ. ವರಾಂಡವನ್ನು ದೂಷಿಸುತ್ತೇನೆ ಅಂದರೆ ನಗಬೇಡಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 15ಎ ಕಲಮು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಹೇಳುತ್ತದೆ: ರಕ್ಷಣೆ, ಗೌರವದ ನಡವಳಿಕೆ, ವಿಚಾರಣೆಯ ಕಾಲದ ಪ್ರಯಾಣ ವೆಚ್ಚ, ಜೀವನ ನಿರ್ವಹಣೆಯ ವೆಚ್ಚ. 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಂತೂ ನೇರವಾಗಿ ಕಟ್ಟಡದ ಮಾತಾಡುತ್ತದೆ. ಸಾಕ್ಷಿ ಮತ್ತು ಆರೋಪಿ ಎದುರುಬದುರಾಗದಂತೆ ನೋಡಿಕೊಳ್ಳಬೇಕು. ದುರ್ಬಲ ಸಾಕ್ಷಿಗಳ ಕೋರ್ಟ್ ಕೋಣೆಗೆ ಪರದೆ, ಒಂದೇ ಕಡೆಯಿಂದ ಕಾಣುವ ಗಾಜು, ಸಾಕ್ಷಿಗೆ ಬೇರೆ ದಾರಿ, ಆರೋಪಿಗೆ ಬೇರೆ ದಾರಿ ಇರಬೇಕು. ಅಂದರೆ ದೇಶದ ದೊಡ್ಡ ನ್ಯಾಯಾಲಯವೇ ಒಪ್ಪಿದೆ, ನ್ಯಾಯ ಕೆಡುವುದು ದಾರಿಯಲ್ಲೂ ಹೌದು ಅಂತ. ಬಲ್ಲವರು ಇದನ್ನು ಮಹಾನಗರದ ಮಾತು ಎಂದುಕೊಂಡಿದ್ದಾರೆ. ತಾಲ್ಲೂಕು ಕೋರ್ಟಿನ ದುರಸ್ತಿ ಪಟ್ಟಿಯಲ್ಲಿ ಹವಾನಿಯಂತ್ರಣ ಇತ್ತು, ಎರಡನೆಯ ದಾರಿ ಇರಲಿಲ್ಲ. ನಾನು ಎಂಜಿನಿಯರರಿಗೆ ಕೇಳಿದೆ: ಹಿಂದುಗಡೆ ಮುಚ್ಚಿಹಾಕಿದ ಒಂದು ಕಮಾನು ಇದೆಯಲ್ಲ, ಅದನ್ನು ತೆರೆದರೆ ಸಾಕ್ಷಿಗಳಿಗೆ ಬೇರೆ ಬಾಗಿಲು ಆಗುವುದಿಲ್ಲವೇ? ಅವರು ಹೋಗಿ ನೋಡಿದರು. ಆಗುತ್ತದೆ ಅಂದರು. ಕಮಾನು ಮೊದಲಿನಿಂದ ತೆರೆದೇ ಇತ್ತು, ಮುಚ್ಚಿದ್ದು ಆಮೇಲೆ. ತೆರೆದರೆ ಮೂಲ ರೂಪಕ್ಕೆ ಧಕ್ಕೆಯೂ ಇಲ್ಲ, ಖರ್ಚೂ ಹೆಚ್ಚಿಲ್ಲ. ಹಳೇ ಕಟ್ಟಡ ಹೊಸ ಕೆಲಸಕ್ಕೆ ಬಗ್ಗುವುದಿಲ್ಲ ಎಂಬ ವಾದ ಎಷ್ಟು ಸೋಮಾರಿ ವಾದ ಅಂತ ಆಗ ಅನ್ನಿಸಿತು.

ಸಾಕ್ಷಿಗಳು ತಿರುಗದೆ ನಿಂತರೆ ಏನಾಗುತ್ತದೆ ಎಂಬುದನ್ನು ಪಕ್ಕದ ಸೀಮೆಯಲ್ಲೇ ನೋಡಿದೆವು. ಸಿಂಧನೂರು ದಾಟಿದರೆ ಗಂಗಾವತಿ ತಾಲ್ಲೂಕು, ಅಲ್ಲಿ ಮರಕುಂಬಿ. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ ವಿವಾದ ಬೆಳೆದು 2014ರ ಆಗಸ್ಟಿನಲ್ಲಿ ಕೇರಿಯ ಮೇಲೆ ದಾಳಿಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಿಂದ ಅವರಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಆದರೂ ಹತ್ತು ವರ್ಷ ಊರಲ್ಲೇ ಇದ್ದು, ಆ ದಾರಿಯಲ್ಲೇ ಓಡಾಡಿ, ಸಾಕ್ಷಿ ಹೇಳಿದವರು ಇದ್ದರಲ್ಲ. ಅವರು ಎಷ್ಟು ವರಾಂಡಗಳನ್ನು ದಾಟಿರಬೇಕು!

ಇನ್ನು ನೀರು, ಶೌಚಾಲಯ. ಇವು ವಿಮರ್ಶೆಗೆ ತಕ್ಕ ವಸ್ತುಗಳಲ್ಲ ಅಂತ ಅನ್ನಿಸಬಹುದು. ಮಹಾಡದ ಕೆರೆಯ ನೀರು ಮುಟ್ಟಿದ್ದಕ್ಕೆ ಅಂಬೇಡ್ಕರ್ 1927ರಿಂದ 1937ರ ತನಕ ಕೋರ್ಟಿನಲ್ಲಿ ದಾವೆ ಎದುರಿಸಿದರು ಎಂಬುದನ್ನು ನೆನೆದರೆ ಹಾಗೆ ಅನ್ನಿಸಲಾರದು. 2021ರ ಅಕ್ಟೋಬರಿನಲ್ಲಿ ಆಗಿನ ಔರಂಗಾಬಾದಿನ ಹೈಕೋರ್ಟ್ ಪೀಠದ ಹೊಸ ಕಟ್ಟಡ ಉದ್ಘಾಟಿಸುತ್ತ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಕೆಲವು ಅಂಕಿ ಕೊಟ್ಟರು. ದೇಶದ ಶೇ. 26ರಷ್ಟು ಕೋರ್ಟ್ ಸಂಕೀರ್ಣಗಳಲ್ಲಿ ಹೆಂಗಸರಿಗೆ ಬೇರೆ ಶೌಚಾಲಯವಿಲ್ಲ, ಶೇ. 16ರಲ್ಲಿ ಗಂಡಸರಿಗೂ ಇಲ್ಲ. ಶುದ್ಧ ಕುಡಿಯುವ ನೀರು ಇರುವುದು ಶೇ. 54ರಲ್ಲಿ, ಪ್ರಥಮ ಚಿಕಿತ್ಸೆಯಂಥ ವೈದ್ಯಕೀಯ ನೆರವು ಶೇ. 5ರಲ್ಲಿ ಮಾತ್ರ. ಎಲ್ಲ ಕೋರ್ಟುಗಳಲ್ಲೂ ಶೌಚಾಲಯ ಇರಲೇಬೇಕೆಂದು ಸುಪ್ರೀಂ ಕೋರ್ಟು ರಾಜೀಬ್ ಕಲಿತಾ ಪ್ರಕರಣದಲ್ಲಿ ಆದೇಶಿಸಿದ್ದು 2025ರ ಜನವರಿಯಲ್ಲಿ, ಸಂವಿಧಾನಕ್ಕೆ 75 ತುಂಬಿದ ಮೇಲೆ. ನಾನು ನೋಡಿದ ಕಟ್ಟಡದಲ್ಲಿ ಶೌಚಾಲಯಕ್ಕೆ ಬೀಗ ಇತ್ತು. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದರೆ 'ಅದು ಸ್ಟಾಫಿಂದ್ರಿ' ಅಂದರು. ಅದನ್ನು ತೊಳೆಯುವವಳು ನಮ್ಮ ಪೈಕಿಯವಳೇ. ಅವಳೂ ಅದನ್ನು ಬಳಸುವುದಿಲ್ಲವಂತೆ.

ಕಟ್ಟಡದ ಮೈಯಲ್ಲೂ ನಾವಿದ್ದೇವೆ. ಕಲ್ಲು ಒಡೆದವರು ಒಡ್ಡರು. ಸುಣ್ಣ ಸುಟ್ಟವರು ಸುಣಗಾರರು. ಸುಣ್ಣ, ಮರಳು, ಇಟ್ಟಿಗೆ ಪುಡಿಯನ್ನು ಗಾಣಕ್ಕೆ ಹಾಕಿ ಎತ್ತು ಹೊಡೆದು ಅರೆದು, ಬೆಲ್ಲದ ನೀರು, ಅಳಲೆಕಾಯಿ ಕೊಳೆಸಿದ ನೀರು ಬೆರೆಸಿ ಗಾರೆ ಹದ ಮಾಡುತ್ತಿದ್ದ ಕೆಲಸದಲ್ಲಿ ತಲೆಹೊರೆ ಹೊತ್ತ ಹೆಂಗಸರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಈಗ ದುರಸ್ತಿಗೆ ಇದೇ ಗಾರೆ ಬೇಕು, ಸಿಮೆಂಟು ಆಗುವುದಿಲ್ಲ. ಹದ ಬಲ್ಲವರು ಸಿಗುವುದಿಲ್ಲ ಅಂತ ಎಂಜಿನಿಯರರು ಪೇಚಾಡುತ್ತಿದ್ದರು. ಹದ ಬಲ್ಲವರ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳಿಗೆ ಸಿಮೆಂಟು ಕಲಸುತ್ತಿದ್ದಾರೆ. ಸ್ಯಾಂಕಿಯ ಹೆಸರಿಗೆ ಒಂದು ಕೆರೆಯೇ ಇದೆ. ಇವರ ಹೆಸರಿಗೆ ಒಂದು ಕೂಲಿ ಪಟ್ಟಿಯೂ ಉಳಿದಿಲ್ಲ.

ಪಟ್ಟಿ ಅಂದಾಗ ದಫ್ತರಖಾನೆಯ ಮಾತು ಬರುತ್ತದೆ. ಕೆಂಪು ಬಟ್ಟೆಯ ಬಸ್ತಾಗಳಲ್ಲಿ ಕಟ್ಟಿಟ್ಟ ಮಿಸಲುಗಳು. ಗೆದ್ದಲು ತಿಂದವು ತಿಂದಷ್ಟು, ಉಳಿದವಕ್ಕೆ ಕಾನೂನೇ ಇದೆ: 1917ರ ದಾಖಲೆ ನಾಶ ಕಾಯ್ದೆಯಡಿ ಅವಧಿ ಮುಗಿದ ಕಡತಗಳನ್ನು ಸುಡಬಹುದು. ನಮ್ಮ ಪೂರ್ವಜರ ಹೆಸರು ಬರಹದಲ್ಲಿ ಸಿಗುವ ಜಾಗಗಳು ಬಹಳ ಕಡಿಮೆ. ದಾನಶಾಸನದಲ್ಲಿ ನಾವಿಲ್ಲ, ವಂಶಾವಳಿಯಲ್ಲಿ ಇಲ್ಲ. ಆರೋಪಿಯಾಗಿ, ಸಾಕ್ಷಿಯಾಗಿ, ಸಾಲಗಾರನಾಗಿ, ಹಲಗೆಯ ಭತ್ತೆ ಪಡೆದು ಹೆಬ್ಬೆಟ್ಟು ಒತ್ತಿದವನಾಗಿ ಇದ್ದರೆ ಈ ಮಿಸಲುಗಳಲ್ಲಿ ಇದ್ದೇವೆ, ಅದೂ ಉರ್ದುವಿನಲ್ಲಿ. ಇ–ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರಾಯಿತು, ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುವುದೂ ಅದರಲ್ಲಿದೆ. ಯಾವುದು ಸ್ಕ್ಯಾನಿಗೆ, ಯಾವುದು ಬೆಂಕಿಗೆ ಎಂದು ವಿಂಗಡಿಸುವ ಮೇಜಿನ ಹತ್ತಿರ ಉರ್ದು ಬಲ್ಲ ಒಬ್ಬ ದಲಿತ ಇತಿಹಾಸಕಾರ ಇರಬೇಕೆಂದು ನನ್ನ ಆಸೆ. ನನಗೆ ಉರ್ದು ಬಾರದು. ಈಗ ಕಲಿಯುತ್ತಿದ್ದೇನೆ, 'ಅಲಿಫ್ ಬೇ'ಯಿಂದ.

ಸಂಘಟನೆಯಲ್ಲಿರುವ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ರೇಗಿದ. 'ಯಾಕಪ್ಪ ಉಳಿಸ್ತೀ ಅದನ್ನ? ನಿಜಾಮನ ಗುಲಾಮಗಿರಿ, ಗೌಡರ ದರ್ಬಾರು ನೋಡಿದ ಗೋಡೆ. ಕೆಡವಿ ಹೊಸಾದು ಕಟ್ಟಲಿ ಬಿಡು.' ಅವನ ಮಾತಿನಲ್ಲಿ ಸತ್ಯವಿದೆ. ಕಟ್ಟಡ ಹಳತಾದ ಮಾತ್ರಕ್ಕೆ ಪವಿತ್ರವಾಗುವುದಿಲ್ಲ. ಆದರೆ ಹೊಸದರ ಕತೆಯನ್ನೂ ನೋಡಬೇಕು. ಹೈದರಾಬಾದಿನ ಹೈಕೋರ್ಟಿಗೆ 2009ರ ಆಗಸ್ಟ್ 31ರಂದು ಬೆಂಕಿ ಬಿದ್ದು ಕೋರ್ಟ್ ಹಾಲುಗಳು, ಗ್ರಂಥಾಲಯ ಸುಟ್ಟವು, ಆಮೇಲೆ ದುರಸ್ತಿಯಾಯಿತು. ಜಾಗ ಸಾಲದೆಂದು ರಾಜೇಂದ್ರನಗರದಲ್ಲಿ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳ 100 ಎಕರೆ ತೆಗೆದುಕೊಂಡು 2024ರ ಮಾರ್ಚಿನಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಅಲ್ಲಿನ ವಿದ್ಯಾರ್ಥಿಗಳು ನೆಲಕ್ಕಾಗಿ ಧರಣಿ ಕೂತರು. ಕೋರ್ಟು ಊರ ಹೊರಗೆ ಹೋಗುವುದೆಂದರೆ ಆಟೋಕ್ಕೆ ದುಡ್ಡಿಲ್ಲದವನಿಂದ ಇನ್ನಷ್ಟು ದೂರ ಹೋಗುವುದು. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವುದೇ ನಮ್ಮ ಹಳೇ ಕೋರ್ಟುಗಳ ದೊಡ್ಡ ಗುಣ. ಯಾವ ಪರಂಪರೆಯ ಪಟ್ಟಿಯೂ ಇದನ್ನು ಬರೆಯುವುದಿಲ್ಲ.

ಮತ್ತೆ ಗೋಡೆಯ ಮೇಲೆ ಯಾರ ಚಿತ್ರ ಎಂಬ ಪ್ರಶ್ನೆ ಹೊಸ ಗೋಡೆಗೂ ಬರುತ್ತದೆ. 2022ರ ಜನವರಿ 26ರಂದು ನಮ್ಮ ಜಿಲ್ಲೆಯಲ್ಲೇ, ರಾಯಚೂರಿನ ಜಿಲ್ಲಾ ನ್ಯಾಯಾಲಯದ ಧ್ವಜಾರೋಹಣದಲ್ಲಿ, ಗಾಂಧಿ ಚಿತ್ರದ ಪಕ್ಕ ಇಟ್ಟಿದ್ದ ಅಂಬೇಡ್ಕರ್ ಭಾವಚಿತ್ರವನ್ನು ತೆಗೆಸಲಾಯಿತು ಎಂಬ ಆರೋಪ ಎದ್ದಿತು. ಜಿಲ್ಲಾ ನ್ಯಾಯಾಧೀಶರು ಅದನ್ನು ನಿರಾಕರಿಸಿದರು. ರಾಜ್ಯದ ತುಂಬ ಪ್ರತಿಭಟನೆ ನಡೆಯಿತು. ಫೆಬ್ರವರಿ 4ರಂದು ಹೈಕೋರ್ಟು ಸುತ್ತೋಲೆ ಹೊರಡಿಸಿ ಜನವರಿ 26, ಆಗಸ್ಟ್ 15, ನವೆಂಬರ್ 26ರ ಅಧಿಕೃತ ಸಮಾರಂಭಗಳಲ್ಲಿ ಎಲ್ಲ ಕೋರ್ಟುಗಳಲ್ಲೂ ಅಂಬೇಡ್ಕರ್ ಚಿತ್ರ ಇಡಬೇಕೆಂದಿತು. ಫೆಬ್ರವರಿ 19ರಂದು ಬೆಂಗಳೂರಿನಲ್ಲಿ ನಡೆದ ಮೆರವಣಿಗೆಗೆ ಹಳ್ಳಿಹಳ್ಳಿಗಳಿಂದ ಜನ ಹೋದರು. ನಾನೂ ಹೋಗಿದ್ದೆ. ಸುಪ್ರೀಂ ಕೋರ್ಟಿನ ಆವರಣದಲ್ಲಿ ಅಂಬೇಡ್ಕರ್ ಪ್ರತಿಮೆ ಬಂದದ್ದು 2023ರ ನವೆಂಬರ್ 26ರಂದು. ಜೈಪುರದ ಹೈಕೋರ್ಟ್ ಆವರಣದಲ್ಲಿ ಮನುವಿನ ಪ್ರತಿಮೆ 1989ರಿಂದ ನಿಂತಿದೆ. ತೆಗೆಯಬೇಕೆಂದು ಅದೇ ವರ್ಷ ಅಲ್ಲಿನ ನ್ಯಾಯಮೂರ್ತಿಗಳೇ ನಿರ್ಣಯಿಸಿದರೂ ಅದಕ್ಕೆ ತಡೆಯಾಜ್ಞೆ ಸಿಕ್ಕಿತು. ಒಂದು ಕಟ್ಟಡವನ್ನು 'ಆಧುನಿಕ ಬಳಕೆಗೆ' ಸಜ್ಜುಗೊಳಿಸುವುದು ಅಂದರೆ ವೈರಿಂಗ್ ಬದಲಿಸುವುದಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಕಿಲ್ಲ.

ಪ್ರತಿವರ್ಷ ಹುಡುಗರನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ಯುತ್ತೇನೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಅಲ್ಲಿ ಬಂಡೆಯ ಮೇಲಿನ ಅಕ್ಷರ ಕಂಡ. ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಹೆಸರಿಟ್ಟು ಹೇಳಿದ ಮೊದಲ ಶಾಸನವಾಗಿ ಅದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಹೆಸರಿನ ಸಂಭ್ರಮದಲ್ಲಿ ನಾವು ಅದರ ಒಳಮಾತನ್ನು ಮರೆಯುತ್ತೇವೆ. ಈ ಗುರಿ ದೊಡ್ಡವರಿಗೆ ಮಾತ್ರ ಸಿಗುವುದು ಎಂದುಕೊಳ್ಳಬಾರದು, ಧರ್ಮದಲ್ಲಿ ನಡೆಯುವ ಕ್ಷುದ್ರನೂ ಅಂದರೆ ಚಿಕ್ಕವನೂ ಇದನ್ನು ಮುಟ್ಟಬಲ್ಲ, ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎನ್ನುತ್ತದೆ ಆ ಬಂಡೆ. ಅಲ್ಲಿ ರಾಜ ತನ್ನನ್ನು ಬುದ್ಧ ಶಾಕ್ಯನ ಅನುಯಾಯಿ ಎಂದು ಕರೆದುಕೊಂಡಿದ್ದಾನೆ. ರಾಜನ ಒಳ್ಳೆಯ ಮಾತನ್ನು ಪೂರ್ತಿ ನಂಬಬೇಕೆಂದು ನಾನು ಹೇಳುವುದಿಲ್ಲ. ಅದೂ ಪ್ರಭುತ್ವದ ಬರಹವೇ. ಆದರೆ ಬಯಲ ಬಂಡೆಗೆ ಬಾಗಿಲಿಲ್ಲ, ವರಾಂಡ ಇಲ್ಲ. ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು: 'ಸರ, ಇದನ್ನ ಓದಿ ಹೇಳಾಕ ಆಗ ಯಾರು ಬರ್ತಿದ್ರು? ಡಂಗುರ ಹೊಡೀತಿದ್ರಾ?' ಮಸ್ಕಿಯ ಬಂಡೆಯಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ಇದೇ ಅಶೋಕನ ಎರ್ರಗುಡಿಯ ಶಾಸನದಲ್ಲಿ ರಜ್ಜುಕನು ಭೇರಿ ಬಡಿಸಿ ಜನರಿಗೆ ತಿಳಿಸಬೇಕೆಂಬ ಮಾತಿದೆ. ಆ ಭೇರಿ ಬಡಿದವನ ಬಗ್ಗೆ ತರಗತಿಗೆ ಬಂದು ಅವಳಿಗೆ ಹೇಳಿದೆ.

ದುರಸ್ತಿಯ ಕಡತ ಈಗ ಮಂಜೂರಾತಿಗೆ ಹೋಗಿದೆ. ಹಿಂದಿನ ಕಮಾನು ತೆರೆಯುವ ಕೆಲಸವನ್ನು ಎಂಜಿನಿಯರರು ಮರೆಯದೆ ಸೇರಿಸಿದ್ದಾರೆ, 'ಗಾಳಿ ಬೆಳಕಿಗಾಗಿ' ಎಂಬ ಕಾರಣ ಕೊಟ್ಟು. ಸಾಕ್ಷಿಗಳಿಗಾಗಿ ಎಂದು ಬರೆದರೆ ಪ್ರಶ್ನೆ ಬರುತ್ತದಂತೆ. ಕೊನೆಯ ಹಾಳೆಯಲ್ಲಿ ಆವರಣ ಸಮತಟ್ಟು ಮಾಡುವುದು, ಟೈಲ್ಸ್ ಹಾಸುವುದು, ವಾಹನ ನಿಲುಗಡೆಗೆ ಅಡ್ಡಿಯಾಗಿರುವ ಬೇವಿನ ಮರ ಒಂದನ್ನು ಕಟ್ಟೆ ಸಮೇತ ತೆರವು ಮಾಡುವುದು ಎಂದಿದೆ. ಅದಕ್ಕೆ ಆಕ್ಷೇಪಣೆಯ ಅರ್ಜಿ ಬರೆದಿದ್ದೇನೆ. ಮಾವ ಅದರ ಮೇಲೆ ಎರಡನೆಯ ಸಹಿ ಹಾಕಿದ್ದಾನೆ.